ಇಪ್ಪತ್ತೆರಡನೇ ತುಂಡಿನ ತಿರುವು

ನನಗೆ ಮೂಗಿನ ತುದಿಯಲ್ಲೇ ಕೋಪ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆ ದಿನ ನಾನು ಕೋಪ ಮಾಡಿಕೊಳ್ಳದೆ ಸುಮ್ಮನಾದದ್ದೇ ತಪ್ಪಾಯಿತು.

ದೊಡ್ಡಪ್ಪನ ಕಲ್ಲಿನ ಕಾರ್ಖಾನೆಯಲ್ಲಿ ಕಂಪ್ಯೂಟರಿನ ಮುಂದೆ ಕೂರುವವಳು ನಾನು. ಒಂದು ಸುರುಳಿ ಮೆಟ್ಟಿಲಿಗೆ ಕಲ್ಲಿನ ರೇಲಿಂಗ್ ಮಾಡುತ್ತಿದ್ದೆವು. ಒಟ್ಟು ಇಪ್ಪತ್ತೆರಡು ತುಂಡು. ಪ್ರತಿ ತುಂಡೂ ಬಾಗಬೇಕು, ಬಾಗುತ್ತಲೇ ಇಳಿಯಬೇಕು, ಇಳಿಯುತ್ತಲೇ ತಿರುಚಿಕೊಳ್ಳಬೇಕು. ದೊಡ್ಡಪ್ಪ ಮೆಟ್ಟಿಲಿನ ಜಾಗಕ್ಕೇ ಹೋಗಿ ತಗಡು ಕತ್ತರಿಸಿ ಅಚ್ಚು ತರುತ್ತಾರೆ. ನಾನು ಅದನ್ನು ಸ್ಕ್ಯಾನ್ ಮಾಡಿ, ಎತ್ತರದ ಅಳತೆ ಸೇರಿಸಿ, ತುಂಡಿನ ಪೂರ್ತಿ ಮಾಡೆಲ್ ಕಟ್ಟುತ್ತೇನೆ. ಯಂತ್ರ ಅದರಂತೆ ಕೊಯ್ಯುತ್ತದೆ.

ಅಚ್ಚಿನ ಯಾವ ಮುಖ ಕಲ್ಲಿಗೆ ತಾಗಬೇಕೋ ಆ ಮುಖಕ್ಕೆ ದೊಡ್ಡಪ್ಪ ಮೊಳೆಯಿಂದ ಒಂದು ಗೀರು ಎಳೆಯುತ್ತಾರೆ. ಗೀರು ಯಾವಾಗಲೂ ಕೆಳಗೆ. ನಲವತ್ತು ವರ್ಷದಿಂದ ಅದೇ ಕ್ರಮ. ತಗಡು ಮಗುಚಿಕೊಂಡರೆ ಎಡಕ್ಕೆ ತಿರುಗಬೇಕಾದ ತುಂಡು ಬಲಕ್ಕೆ ತಿರುಗುತ್ತದೆ, ಅಷ್ಟೇ. ಅಷ್ಟೇ ಅಂದರೆ, ಕಲ್ಲು ಹಾಳಾಯಿತು ಅಂತ.

ನಾನು ಪ್ರತಿ ತುಂಡನ್ನೂ ಹಿಂದಿನ ತುಂಡಿಗೆ ಪರದೆಯ ಮೇಲೆ ಜೋಡಿಸಿ ನೋಡಿದ ಮೇಲೆಯೇ ಯಂತ್ರಕ್ಕೆ ಕಳಿಸುತ್ತಿದ್ದೆ. ದೊಡ್ಡಪ್ಪನಿಗೆ ಅದು ಹಿಡಿಸುತ್ತಿರಲಿಲ್ಲ. ಕೊನೆಯ ತುಂಡಿನ ದಿನ ಬೆಳಿಗ್ಗೆ ನನ್ನ ಹಿಂದೆ ಬಂದು ನಿಂತರು.

"ನನ್ನ ಗೀರಿನ ಮೇಲೆ ನಿಂಗೆ ನಂಬಿಕೆ ಇಲ್ವೇನಮ್ಮಾ?"

ಜೋರಾಗಿ ಕೇಳಿದ್ದರೆ ಜಗಳ ಆಡುತ್ತಿದ್ದೆ. ಆದರೆ ಅವರ ದನಿ ತೀರಾ ಸಣ್ಣಗಿತ್ತು. "ಇದೆ ದೊಡ್ಡಪ್ಪ" ಎಂದು ಜೋಡಿಸಿ ನೋಡದೆಯೇ ಕಳಿಸಿಬಿಟ್ಟೆ.

ರೇಲಿಂಗಿಗೆ ಬಳಸಿದ ಹಸಿರು ಕಲ್ಲಿನಲ್ಲಿ ಅದೊಂದೇ ಬಂಡೆ ಉಳಿದಿತ್ತು. ಅದು ಬಂದ ಗಣಿಯಲ್ಲಿ ಈಗ ನೀರು ತುಂಬಿದೆ. ಹುಡುಕಿದರೂ ಅದೇ ಬಣ್ಣದ ಇನ್ನೊಂದು ಸಿಗುವುದಿಲ್ಲ. ಅದು ಹಾಳಾದರೆ ಉಳಿದ ಇಪ್ಪತ್ತೊಂದೂ ದಂಡ.

ಬ್ಲೇಡು ಕಲ್ಲಿಗೆ ತಾಗಿತು. ನೀರು ಚಿಮ್ಮಿತು. ದೊಡ್ಡಪ್ಪ ಕೈಕಟ್ಟಿ ಯಂತ್ರದ ಪಕ್ಕ ನಿಂತರು. ನನಗೆ ಮಾಡಲು ಕೆಲಸವಿರಲಿಲ್ಲ, ಮನಸ್ಸಿಗೆ ನೆಮ್ಮದಿಯೂ ಇರಲಿಲ್ಲ. ಕದ್ದು ಮಾಡುವವಳಂತೆ ಇಪ್ಪತ್ತೊಂದನೇ ಮಾಡೆಲ್ ತೆರೆದು, ಅದರ ತುದಿಗೆ ಇಪ್ಪತ್ತೆರಡನ್ನು ತಂದಿಟ್ಟೆ.

ತುಂಡು ಮೆಟ್ಟಿಲನ್ನು ಬಿಟ್ಟು ಗೋಡೆಯ ಕಡೆ ಹೊರಳಿತು.

ಓಡಿಹೋಗಿ ಕೆಂಪು ಗುಂಡಿ ಒತ್ತಿದೆ. ಬ್ಲೇಡು ಒಂದಷ್ಟು ಹೊತ್ತು ತನ್ನಷ್ಟಕ್ಕೆ ಸುತ್ತಿ ನಿಂತಿತು. ಕಲ್ಲಿನ ಮುಂದಿನ ಮೂಲೆಯಲ್ಲಿ ಅಂಗೈ ಅಗಲದ ಇಳಿಜಾರು ಆಗಲೇ ಬಿದ್ದಿತ್ತು.

"ಯಾಕೆ ನಿಲ್ಲಿಸ್ದೆ?"

"ನಾನು ತಗಡು ಮಗುಚಿ ಇಟ್ಟು ಸ್ಕ್ಯಾನ್ ಮಾಡ್ಬಿಟ್ಟೆ ದೊಡ್ಡಪ್ಪ." ಸುಳ್ಳು ನನಗೇ ತಿಳಿಯದಷ್ಟು ಬೇಗ ಬಾಯಿಂದ ಬಂತು. ಗೀರನ್ನು ಕೆಳಗಿಟ್ಟೇ ಸ್ಕ್ಯಾನ್ ಮಾಡಿದ್ದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಅವರು ಮೇಜಿನ ಹತ್ತಿರ ಹೋಗಿ ತಗಡನ್ನು ಎತ್ತಿಕೊಂಡರು. ನೋಡಲಿಲ್ಲ. ಬೆರಳಿನಿಂದ ಅಂಚನ್ನು ಸವರಿ ತಿರುವನ್ನು ಅರಿತರು, ಆಮೇಲೆ ಒಂದು ಮುಖ, ಆಮೇಲೆ ಇನ್ನೊಂದು. ಗೀರು ಸಿಕ್ಕಿದ ಕಡೆ ಬೆರಳು ನಿಂತಿತು.

"ತಪ್ಪು ಮುಖಕ್ಕೆ ಎಳೆದಿದೀನಿ," ಎಂದರು. "ನೀನು ಸರಿಯಾಗೇ ಇಟ್ಟಿದೀಯ."

"ಮೆಟ್ಟಿಲಿನ ಹತ್ರ ಕತ್ಲೆ ಇತ್ತೇನೋ."

"ಕತ್ಲೆ ಅಲ್ಲಿರ್ಲಿಲ್ಲಮ್ಮ." ಅವರು ತಗಡನ್ನು ಕೆಳಗಿಟ್ಟರು. "ಆರು ತಿಂಗಳಾಯ್ತು. ಕಣ್ಣಿಗೆ ಎಲ್ಲ ಹೊಗೆ ಹೊಗೆ. ನಿಂಗೆ ಹೇಳಿದ್ರೆ ಮನೇಲಿ ಕೂರಿಸ್ಬಿಡ್ತೀಯ ಅಂತ ಹೇಳ್ಲಿಲ್ಲ."

ಕೋಪ ಬಂತು. ಕೂಗಾಡಿದೆ. ಇಷ್ಟು ದಿನ ಬ್ಲೇಡಿನ ಪಕ್ಕ ಹೇಗೆ ನಿಲ್ಲುತ್ತಿದ್ದಿರಿ ಅಂತ ಕೇಳಿದೆ. ಬೆಳಿಗ್ಗೆ ನನ್ನ ಬಾಯಿ ಯಾಕೆ ಮುಚ್ಚಿಸಿದಿರಿ ಅಂತಲೂ ಕೇಳಿದೆ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು. ಅದನ್ನು ನೋಡಲಾಗದೆ ನಾನು ಹೋಗಿ ಕಂಪ್ಯೂಟರಿನ ಮುಂದೆ ಕುಳಿತೆ.

ಮಾಡೆಲನ್ನು ಎಡಬಲ ಅದಲುಬದಲು ಮಾಡಿದೆ. ಕಲ್ಲನ್ನು ಅಳೆದು, ಆಗಲೇ ಹೋದ ಮೂಲೆಯನ್ನೂ ಪರದೆಯ ಮೇಲೆ ತೆಗೆದುಹಾಕಿದೆ. ಸರಿಯಾದ ತುಂಡನ್ನು ಆ ಕಲ್ಲಿನೊಳಗೆ ಕೂರಿಸಲು ನೋಡಿದೆ. ಎಂಟು ಮಿಲಿಮೀಟರ್ ಕಡಿಮೆ. ಓರೆ ಮಾಡಿದೆ. ಆರು. ಕಲ್ಲನ್ನೇ ಬುಡಮೇಲು ಮಾಡಿ, ಹಾಳಾದ ಮೂಲೆ ಕೆಳಗೆ ಬರುವಂತೆ ಇಟ್ಟೆ. ಕೂದಲೆಳೆಯಷ್ಟು ಸರಿಸಿ, ಮತ್ತೆ ಸರಿಸಿ, ಕೊನೆಗೆ ಎರಡಕ್ಕೆ ನಿಂತಿತು. ಅಲ್ಲಿಂದಾಚೆಗೆ ಏನು ಮಾಡಿದರೂ ಜಗ್ಗಲಿಲ್ಲ.

"ಎರಡು ಮಿಲಿಮೀಟರ್ ಸಾಲ್ತಿಲ್ಲ," ಎಂದೆ. ಅಳು ಬರುತ್ತಿತ್ತು.

"ಎಲ್ಲಿ?"

"ರೇಲಿಂಗಿನ ಅಡಿಭಾಗದಲ್ಲಿ. ಕಣ್ಣಿಗೆ ಕಾಣಲ್ಲ. ಆದ್ರೆ ಹಿಡಿದ್ರೆ ಬೆರಳಿಗೆ ತಗ್ಗು ಸಿಗುತ್ತೆ."

"ಎಷ್ಟುದ್ದ?"

"ಒಂದು ಹಿಡಿ."

ದೊಡ್ಡಪ್ಪ ತಮ್ಮ ಎಡಗೈಯ ಮಣಿಕಟ್ಟನ್ನು ಬಲಗೈಯಲ್ಲಿ ರೇಲಿಂಗಿನಂತೆ ಹಿಡಿದು ಬೆರಳು ಆಡಿಸಿದರು. "ಕೊಯ್ಯಿ," ಎಂದರು. "ತಗ್ಗು ನನಗ್ಬಿಡು."

ಯಂತ್ರ ಐದು ಗಂಟೆ ಕೊಯ್ದಿತು. ಈ ಸಲ ನಾನು ಕುರ್ಚಿಯಲ್ಲಿ ಕೂರಲೇ ಇಲ್ಲ. ಮಧ್ಯಾಹ್ನದ ಬುತ್ತಿ ತೆರೆಯದೆ ಹಾಗೇ ಉಳಿಯಿತು. ತುಂಡು ಹೊರಬಂದಾಗ ಅದನ್ನು ಇಪ್ಪತ್ತೊಂದರ ಪಕ್ಕಕ್ಕೆ ತಂದು ಜೋಡಿಸಿದೆವು. ಸಂದಿನಲ್ಲಿ ಉಗುರು ಹೋಗಲಿಲ್ಲ.

ದೊಡ್ಡಪ್ಪ ಬೆನ್ನು ಬಗ್ಗಿಸಿ, ಉಜ್ಜುವ ಕಲ್ಲು ಹಿಡಿದು, ಅಡಿಭಾಗಕ್ಕೆ ಕೈಹಾಕಿದರು. ಆ ತಗ್ಗಿನ ಅಂಚನ್ನು ಎರಡೂ ಕಡೆಗೆ ಮೆಲ್ಲಗೆ ಉಜ್ಜಿ ಕರಗಿಸುತ್ತ ಹೋದರು. ಅವರ ಕಣ್ಣು ಮುಚ್ಚಿತ್ತು. ಆ ಕೆಲಸಕ್ಕೆ ಕಣ್ಣು ಬೇಕೇ ಇರಲಿಲ್ಲ.

"ಹಿಡಿದು ನೋಡು," ಎಂದರು.

ಹಿಡಿದೆ. ನಾಲ್ಕು ಬೆರಳು ತಾವಾಗಿ ಹೋಗಿ ಆ ತಗ್ಗಿನಲ್ಲಿ ಕುಳಿತವು. ಮೆಟ್ಟಿಲು ಇಳಿಯುವವರಿಗೆ ಕೊನೆಯ ಮೆಟ್ಟಿಲು ಬಂತೆಂದು ಕತ್ತಲಲ್ಲೂ ಕೈಗೆ ಗೊತ್ತಾಗುವಂತಿತ್ತು.

"ಇದನ್ನ ನಾನು ಮಾಡೆಲ್‌ನಲ್ಲಿ ಹಾಕಿರ್ಲಿಲ್ಲ," ಎಂದೆ.

"ಇನ್ನು ಹಾಕು." ಜೇಬಿನಿಂದ ಮೊಳೆ ತೆಗೆದು ನನ್ನ ಅಂಗೈಯಲ್ಲಿಟ್ಟರು. ಅದರ ತಲೆ ಸವೆದು ನುಣ್ಣಗಾಗಿತ್ತು. "ಗೀರೂ ಇನ್ಮೇಲೆ ನೀನೇ ಎಳಿ. ದೊಡ್ಡಮ್ಮಂಗೆ ಮಾತ್ರ ಹೇಳ್ಬೇಡ."

"ದೊಡ್ಡಮ್ಮಂಗೆ ಗೊತ್ತಾಗಿರ್ಬೇಕು ದೊಡ್ಡಪ್ಪ. ಹೋದ ವಾರ ನೀವು ಸಕ್ಕರೆ ಅಂತ ಚಹಾಕ್ಕೆ ಉಪ್ಪು ಹಾಕಿ ಕೊಟ್ರಂತಲ್ಲ. ಪಾಪ, ಅವರು ಪೂರ್ತಿ ಕುಡಿದ್ರಂತೆ."

ಅವರು ನಕ್ಕರು. ಬಾಗಿಲ ಕಡೆ ಹೊರಟವರು ಎರಡು ಹೆಜ್ಜೆ ಇಟ್ಟು ನಿಂತು, ನಾನು ಎಲ್ಲಿದ್ದೇನೆಂದು ಸರಿಯಾಗಿ ತಿಳಿಯದೆ, ಕೈಯನ್ನು ಸುಮ್ಮನೆ ಗಾಳಿಗೆ ಚಾಚಿದರು. ನಾನು ಹೋಗಿ ಹಿಡಿದುಕೊಂಡೆ.