ಸೇವಂತಿಬಾಯಿಯ ದನಿ

ಯಕ್ಷಿತಾ ಮಾನವಶಾಸ್ತ್ರದ ಸಂಶೋಧಕಿ. ಮುಂಬಯಿಯ ಬೊರಿವಲಿಯ ಕಾಡಿನೊಳಗೆ ವಾರ್ಲಿ ಆದಿವಾಸಿಗಳದೊಂದು ಪಾಡಾ, ಪುಟ್ಟ ಹಾಡಿ, ಇದೆ; ಕೆಲವು ವರ್ಷಗಳಿಂದ ಅಲ್ಲಿಗೆ ಹೋಗಿಬರುತ್ತಿದ್ದಳು. ಅಲ್ಲಿಯ ಸೇವಂತಿಬಾಯಿ ಅವಳನ್ನು ಮನೆಮಗಳಂತೆ ನೋಡಿಕೊಂಡಿದ್ದಳು. ಹಾವು ಕಚ್ಚಿ ತನ್ನ ಮಗಳು ಸತ್ತಾಗ ಸೇವಂತಿಬಾಯಿ ಹೆಣದ ಪಕ್ಕ ಕೂತು ಅಳುತ್ತ, ಸತ್ತವರಿಗೆ ದಾರಿ ತೋರಿಸಿ ಕಳಿಸುವ ಹಾಡು ಹಾಡಿದ್ದಳು. ಅದನ್ನು ರೆಕಾರ್ಡ್ ಮಾಡಲೂ ಬಿಟ್ಟಿದ್ದಳು. ಅಧ್ಯಯನಕ್ಕೆ ಮಾತ್ರ, ಬೇರೆ ಯಾರಿಗೂ ಕೇಳಿಸುವುದಿಲ್ಲ ಎಂದು ಯಕ್ಷಿತಾ ಮಾತು ಕೊಟ್ಟಿದ್ದಳು.

ಗ್ರಾಂಟ್ ರೋಡಿನಲ್ಲಿ ಹೋಟೆಲು ನಡೆಸುವ ಅವಳ ಅಪ್ಪ ರಮಾನಾಥ ಶೆಟ್ಟರು ಕಾಂದಿವಲಿಯಲ್ಲಿ ಇನ್ನೊಂದು ತೆರೆದರು. ಅವಳ ತಮ್ಮ ಹಿತೇಶ್ ಅಲ್ಲಿ ಗೋಡೆ ತುಂಬ ವಾರ್ಲಿ ಚಿತ್ರ ಬರೆಸಿದ.

"ಅಕ್ಕಾ, ಇದಕ್ಕೆ ಮ್ಯಾಚ್ ಆಗುವ ಮ್ಯೂಸಿಕ್ ನಿನ್ನ ಹತ್ರ ಉಂಟಲ್ಲ? ಭೇಜ್ ದೇ ನಾ," ಎಂದು ಬೆನ್ನುಬಿದ್ದ.

ಅವಳು ಪಾಡಾದಲ್ಲಿ ರೆಕಾರ್ಡ್ ಮಾಡಿದ್ದ ಮದುವೆ ಹಾಡುಗಳಲ್ಲಿ ಗದ್ದಲವೇ ಜಾಸ್ತಿ. ಸೇವಂತಿಬಾಯಿಯ ದನಿ ಸ್ವಚ್ಛವಾಗಿತ್ತು. ದೋಸೆ ತಿನ್ನುವವರಿಗೆ ಎಲ್ಲಿ ಅರ್ಥವಾಗುತ್ತದೆ ಎಂದುಕೊಂಡು ಅದನ್ನೇ ಕಳಿಸಿದಳು.

ಆರಂಭದ ದಿನಕ್ಕೆ ಸೇವಂತಿಬಾಯಿಯನ್ನು ಬಾಯಿಮಾತಿಗೆ ಕರೆದಿದ್ದಳಷ್ಟೆ. ಆಕೆ ನಿಜಕ್ಕೂ ಬಂದಳು, ಒಳ್ಳೆಯ ಸೀರೆಯುಟ್ಟು, ಕಾಡಿನ ಸೊಪ್ಪಿನ ಕಟ್ಟು ಹಿಡಿದು. ಶೆಟ್ಟರೇ ಕೂರಿಸಿ ಶೀರಾ ತರಿಸಿದರು. ಆಕೆ ಮೊದಲ ತುತ್ತು ಎತ್ತುವಾಗ ಸ್ಪೀಕರಿನಲ್ಲಿ ಆ ಹಾಡು ಶುರುವಾಯಿತು.

ಯಕ್ಷಿತಾ ಕೌಂಟರಿನತ್ತ ಓಡಿದಳು. ಸೇವಂತಿಬಾಯಿ ಎದ್ದು ಬಂದು ಅವಳ ಕೈ ಹಿಡಿದಳು.

"ಬಂದ್ ಮಾಡಬೇಡ," ಎಂದಳು ಮರಾಠಿಯಲ್ಲಿ, ಮೆಲ್ಲಗೆ. "ಹಾಡಿನಲ್ಲಿ ನನ್ನ ಮಗಳ ಹೆಸರು ಬಂದುಬಿಟ್ಟಿದೆ. ನಡುವೆ ನಿಲ್ಲಿಸಿದರೆ ಹುಡುಗಿ ದಾರಿಯಲ್ಲೇ ಉಳಿದುಬಿಡ್ತಾಳೆ."

ಇಬ್ಬರೂ ಹಾಗೆಯೇ ನಿಂತರು. ಪಕ್ಕದ ಟೇಬಲಿನವರು ಇನ್ನಷ್ಟು ಚಟ್ನಿ ಕೇಳಿದರು. ಒಂದು ಮಗು ರಾಗಕ್ಕೆ ತಲೆದೂಗುತ್ತಿತ್ತು. ಏನಾಯಿತೆಂದು ಶೆಟ್ಟರು ಕೇಳಿದಾಗ ಯಕ್ಷಿತಾ ನಿಜ ಹೇಳಿದಳು. ಅವರು ಮಗಳ ಮುಖ ನೋಡಲಿಲ್ಲ. ಬಡಿಸುವುದನ್ನು ನಿಲ್ಲಿಸುವಂತೆ ವೇಟರುಗಳಿಗೆ ಸನ್ನೆ ಮಾಡಿ, ಸೇವಂತಿಬಾಯಿಯ ಪಕ್ಕ ಕೈಮುಗಿದು ನಿಂತರು. ಹಾಡು ಮುಗಿದ ಮೇಲೆ ಆಕೆ ಕೈ ತೊಳೆದುಕೊಂಡು, ರಿಕ್ಷಾ ಬೇಡವೆಂದು, ಸ್ಟೇಷನ್ನಿನ ಕಡೆ ನಡೆದಳು.

ಮಾರನೆಯ ವಾರ ಯಕ್ಷಿತಾ ಪಾಡಾಕ್ಕೆ ಹೋದಳು. ಅಂಗಳದಲ್ಲಿ ಹಾಡುತ್ತ ಭತ್ತ ಕೇರುತ್ತಿದ್ದ ಹೆಂಗಸರು ಅವಳನ್ನು ಕಂಡು ಸುಮ್ಮನಾದರು. ಆ ರೆಕಾರ್ಡನ್ನು ಎಲ್ಲ ಕಡೆ ಅಳಿಸಿಹಾಕಿದ್ದೇನೆ ಎಂದು ತೊದಲಿದಳು. ಸೇವಂತಿಬಾಯಿ ಬೈಯಲಿಲ್ಲ. ಚಾಪೆ ಹಾಸಿ, ಅಪ್ಪ ಹೇಗಿದ್ದಾರೆಂದು ವಿಚಾರಿಸಿ, ಚಹಾ ಕೊಟ್ಟಳು. ಹೆಂಗಸರ ಹಾಡು ಯಾಕೆ ನಿಂತಿತೆಂದು ಕೇಳುವ ಧೈರ್ಯ ಯಕ್ಷಿತಾಗೆ ಬರಲಿಲ್ಲ. ಆಕೆಯೇ ಹೇಳಿದಳು, ದನಿಯಲ್ಲಿ ಸಿಟ್ಟಿಲ್ಲದೆ:

"ನೀನು ಹೋದ ಮೇಲೆ ಹಾಡ್ತಾರೆ. ಚಹಾ ಕುಡಿ."

ಯಕ್ಷಿತಾ ತಲೆ ಎತ್ತದೆ ಬಿಸಿಬಿಸಿಯಾಗಿಯೇ ಕುಡಿದು ಎದ್ದಳು.