ಮುನ್ನೂರು ಎಲೆಯ ಲೆಕ್ಕ

ಹೊಸೂರಿನ ಹತ್ತಿರದ ತಳಿ ಊರಿನ ಕಡೆಯ ದೊಡ್ಡವೆಂಕಟಪ್ಪ ಬೇಸಾಯದ ಜೊತೆಗೆ ಮದುವೆಗಳಿಗೆ ಅಡುಗೆ ಮಾಡುತ್ತಿದ್ದರು. ಸೌಟು ಹಿಡಿದರೆ ಅವರಿಗೆ ಸಮ ಯಾರೂ ಇರಲಿಲ್ಲ, ಲೆಕ್ಕ ಅಂದರೆ ಮಾತ್ರ ಕೈಕಾಲು ಆಡುತ್ತಿರಲಿಲ್ಲ. ಊಟಕ್ಕೆ ಎಷ್ಟು ಎಲೆ ಬೀಳುತ್ತದೆ ಎಂದರೆ ಸಾಕು, ಮಗಳು ಚೆಲುವಮ್ಮ ಅಕ್ಕಿ, ಬೇಳೆ, ತರಕಾರಿ ಎಲ್ಲವನ್ನೂ ನಿಂತಲ್ಲೇ ಹೇಳಿಬಿಡುತ್ತಿದ್ದಳು. ಅಂಥ ಮಗಳು ಎಂಬತ್ತೆಂಟನೇ ಇಸವಿಯಲ್ಲಿ ಹೊಸೂರಿನ ಕಂಪ್ಯೂಟರ್ ಕ್ಲಾಸಿಗೆ ಸೇರಿದ್ದು ಅಪ್ಪನಿಗೆ ಹಿಡಿಸಲಿಲ್ಲ. ಪಾಪ, ಅವರದ್ದೇನು ತಪ್ಪು ಎನ್ನುವವರಿದ್ದಾರೆ. ನಾನಂತೂ ತಪ್ಪೇ ಅನ್ನುತ್ತೇನೆ.

“ಮದ್ವೆಗಳು ಸುರುವಾಯ್ತವೆ. ಈ ಪರೀಕ್ಷೆ ಮುಗ್ಸಿ ಮನೇಗ್ ಬಂದ್ಬುಡು ಕಣಮ್ಮಿ. ನೀನಿಲ್ದೆ ನನ್ ಕೈಲಿ ಆಗಾಕಿಲ್ಲ” ಎಂದರು ಅಪ್ಪ. ಚೆಲುವಮ್ಮನಿಗೆ ಅಳು ಬಂತು. ಕಂಪ್ಯೂಟರ್ ಎಂದರೆ ಅವಳಿಗೆ ಅಷ್ಟು ಇಷ್ಟ.

ಪರೀಕ್ಷೆಯ ದಿನ ಅವಳನ್ನು ಮನೆಗೆ ಕರೆದೊಯ್ಯಲು ಅಪ್ಪನೇ ಬಂದು ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತರು. ಮೇಷ್ಟ್ರು ಚನ್ನಕೇಶವ, ಮನೆಯದೇ ಒಂದು ಲೆಕ್ಕವನ್ನು ಸ್ಪ್ರೆಡ್‌ಶೀಟಿನಲ್ಲಿ ಮಾಡಿ ತೋರಿಸಲು ಹೇಳಿದರು. ಪರದೆಯ ಮೇಲೆ ಸಾಲುಸಾಲು ಚೌಕದ ಮನೆಗಳು, ಒಂದೊಂದರಲ್ಲಿ ಒಂದೊಂದು ಅಂಕಿ. ಇನ್ನೂರು ಎಲೆ, ಅಕ್ಕಿ ಇಪ್ಪತ್ತನಾಲ್ಕು ಕಿಲೋ, ಬೇಳೆ ಆರು ಕಿಲೋ ಎಂದು ಚೆಲುವಮ್ಮ ಚಕಚಕನೆ ಒತ್ತಿ ಕೈಕಟ್ಟಿ ನಿಂತಳು.

ಮೇಷ್ಟ್ರು ಇನ್ನೂರನ್ನು ಅಳಿಸಿ ಮುನ್ನೂರು ಮಾಡಿದರು. ಅಕ್ಕಿ ಇಪ್ಪತ್ತನಾಲ್ಕರಲ್ಲೇ ಕೂತಿತ್ತು.

“ಲೆಕ್ಕ ಸರಿಯಾಗೇ ಐತಲ್ಲ ಸಾ” ಎಂದರು ದೊಡ್ಡವೆಂಕಟಪ್ಪ.

“ಇನ್ನೂರಕ್ಕೆ ಸರಿ, ಯಜಮಾನ್ರೇ. ಈಗ ನೂರು ಜನ ಉಪವಾಸ.”

ಕ್ಲಾಸಿನವರೆಲ್ಲ ನಕ್ಕರು. ಚೆಲುವಮ್ಮನಿಗೆ ರೇಗಿತು. “ಮೂವತ್ತಾರು ಕಿಲೋ ಸಾರ್. ನನ್ನ ಕೇಳಿದ್ರೆ ಹೇಳ್ತಿದ್ದೆ.”

“ನಿನ್ನ ಕೇಳೋದಾದ್ರೆ ಈ ಕಂಪ್ಯೂಟರ್ ಯಾಕಮ್ಮ? ಉತ್ತರ ಬರೀಬೇಡ. ತಲೇಲಿ ಏನ್ ಮಾಡ್ತೀಯೋ ಅದನ್ನ ಬರಿ.”

ತಲೆಯಲ್ಲಿ ತಾನು ಏನು ಮಾಡುತ್ತೇನೆಂದು ಅವಳು ಯಾವತ್ತೂ ಯೋಚಿಸಿರಲಿಲ್ಲ, ಅದು ತಾನಾಗಿ ಬರುವುದು ಎಂದುಕೊಂಡಿದ್ದಳು. ಇಪ್ಪತ್ತನಾಲ್ಕು ಕಿಲೋವನ್ನು ಇನ್ನೂರು ಎಲೆಗೆ ಹಂಚಿ ನೋಡಿದಳು. ಆಮೇಲೆ ಒಂದು ಎಲೆಗೆ ಬೇಕಾದ ಅಕ್ಕಿಯನ್ನು ಒಂದು ಮನೆಯಲ್ಲಿಟ್ಟು, ಎಲೆಗಳ ಮನೆಯನ್ನು ಅದರಿಂದ ಗುಣಿಸು ಎಂದು ಸೂತ್ರ ಬರೆದಳು. ಮೂವತ್ತಾರು ಬಂತು. ಮುನ್ನೂರನ್ನು ನಾನೂರು ಮಾಡಿದಳು, ಅಕ್ಕಿಯೂ ಏರಿತು. ಖುಷಿಗೆ ಅವಳಿಗೆ ನಗು ತಡೆಯಲಾಗಲಿಲ್ಲ. ನೂರರಿಂದ ಸಾವಿರ ಎಲೆಯವರೆಗೆ ಅಕ್ಕಿ, ಬೇಳೆ, ತರಕಾರಿ ಎಲ್ಲಕ್ಕೂ ಸೂತ್ರ ಇಳಿಸಿದಳು. ಮೇಷ್ಟ್ರು ಅದನ್ನು ಪ್ರಿಂಟರಿನಲ್ಲಿ ಅಚ್ಚು ಹಾಕಿಸಿ ಅಪ್ಪನ ಕೈಗೆ ಕೊಟ್ಟರು.

ದೊಡ್ಡವೆಂಕಟಪ್ಪ ಬೆರಳಿಟ್ಟು ಓದಿದರು. “ಐನೂರು ಎಲೆ... ಅಕ್ಕಿ ಅರವತ್ತು. ದಿಟವೇನಮ್ಮಿ?”

“ದಿಟ ಅಪ್ಪಾ.”

ಇನ್ನೊಂದು ಸಾಲು ಓದಿದರು, ಮತ್ತೊಂದನ್ನೂ ಓದಿದರು. ಯಾರನ್ನೂ ಕೇಳಲಿಲ್ಲ. ಹಾಳೆ ಮಡಚಿ ಅಂಗಿಯ ಜೇಬಿಗೆ ಇಟ್ಟುಕೊಂಡು ಎದ್ದು ನಿಂತರು.

“ಮುಂದಿನ ಪಾಠ ಯಾವತ್ತು ಸಾ?”

“ಸೋಮವಾರ.”

“ಬತ್ತಾಳೆ. ನನ್ಗೆ ಲೆಕ್ಕ ಸಿಕ್ತು, ಇವ್ಳು ಓದ್ಲಿ ಬುಡಿ.”