ಇಬ್ಬರಿಗೊಂದು ಹಾರ

ಹುನಗುಂದದಲ್ಲಿ ಪತ್ರಕರ್ತರ ಸಂಘದವರು ನಡೆಸುವ ಸತ್ಕಾರಕ್ಕೆ ಒಂದು ವಾಡಿಕೆಯಿತ್ತು. ಸತ್ಕಾರಗೊಳ್ಳುವವರು ಮನೆಯವರೊಡನೆ ವೇದಿಕೆಗೆ ಬರಬೇಕು. ಒಂದೇ ದೊಡ್ಡ ಹಾರದೊಳಗೆ ಎರಡು ಕೊರಳುಗಳು ಸೇರಬೇಕು. ಈ ಸಲದ ಗೌರವ ಪತ್ರಕರ್ತೆ ಬಸವೇಶ್ವರಿಗೆಂದು ನಿಶ್ಚಯವಾದೊಡನೆ ಕಾರ್ಯದರ್ಶಿ ಶಂಕ್ರಪ್ಪ ಇಳಕಲ್ಲಿಗೆ ಧಾವಿಸಿ, ಅವಳ ತಾಯಿ ಗುರುಲಿಂಗವ್ವನ ಮಗ್ಗದ ಬಳಿ ಕುಳಿತ.

"ಅವ್ವಾರ, ನೀವ ಬರಬೇಕ್ರಿ. ನೀವು ಬರಲಿಲ್ಲಂದ್ರ ಅಕಿ ಆ ನರ್ಸಬಾಯಿನ್ನ ಕರ್ಕೊಂಡ ಸ್ಟೇಜ್ ಏರತಾಳ. ಮಂದಿ ನಗತಾರ."

ಗುರುಲಿಂಗವ್ವ ಲಾಳಿಯನ್ನು ಕೆಳಗಿಟ್ಟಳು. ಬಾಗಲಕೋಟೆಯಲ್ಲಿ ಮನೆ ಮಾಡಿದ್ದ ಮಗಳ ಮುಖ ಕಂಡು ಎರಡು ವರ್ಷಗಳಾಗಿದ್ದವು. ಗ್ರಾನೈಟ್ ಪಾಲಿಶ್ ಮಾಡುವವರ ಎದೆಗೂಡನ್ನು ಧೂಳು ಹೊಕ್ಕ ಬಗೆಯನ್ನು ಬರೆದು, ಸತ್ತವರ ವಿಧವೆಯರನ್ನು ಕೂಡಿಸಿ, ಪರಿಹಾರಕ್ಕಾಗಿ ಬಾಗಲಕೋಟೆಯಲ್ಲಿ ಧರಣಿ ಕುಳಿತಾಗ ಊರೆಲ್ಲ ಬಸವೇಶ್ವರಿಯನ್ನು ಕೊಂಡಾಡಿತ್ತು. ಆಮೇಲೊಂದು ಭಾನುವಾರ, ಹೆಣ್ಣನ್ನು ಪ್ರೀತಿಸಿ ಮನೆಯಿಂದ ಹೊರದೂಡಿಸಿಕೊಂಡ ಹುಡುಗಿಯರ ಪರವಾಗಿ ಬರೆಯುತ್ತ, 'ನಾನೂ ಅಂಥವಳೇ; ನರ್ಸ್ ಮಹಾದೇವಿ ನನ್ನ ಬಾಳಸಂಗಾತಿ' ಎಂದು ಅವಳು ಅಚ್ಚು ಹಾಕಿಸಿದಳು. ಅಂದಿನಿಂದ ಬಂಧುಗಳು ಅವಳ ಹೆಸರೆತ್ತಲಿಲ್ಲ. ತಾಯಿ "ಬರಬ್ಯಾಡ" ಎಂದಿರಲಿಲ್ಲ. "ಬಾ" ಎಂದೂ ಕರೆದಿರಲಿಲ್ಲ. ಪ್ರಾತಃಕಾಲ ಇಷ್ಟಲಿಂಗವನ್ನು ಅಂಗೈಯಲ್ಲಿರಿಸಿಕೊಂಡಾಗಲೆಲ್ಲ ಆ ಕರೆಯದೆ ಉಳಿದ ಕರೆಯೇ ಅವಳ ಏಕಾಗ್ರತೆಯನ್ನು ಕದಡುತ್ತಿತ್ತು.

"ಬರ್ತೇನಿ," ಎಂದಳು.

ಸತ್ಕಾರದ ದಿನ ನಾದಿನಿ ಮಲ್ಲಮ್ಮನ ಕಾರಿನಲ್ಲಿ ಬಂದಿಳಿದ ಗುರುಲಿಂಗವ್ವನನ್ನು ಕಂಡು, ಮುಂದಿನ ಸಾಲಿನಲ್ಲಿ ಬಸವೇಶ್ವರಿಯ ಬದಿಗಿದ್ದ ಎತ್ತರದ ಹೆಂಗಸು ತಟ್ಟನೆ ಎದ್ದಳು.

"ಕೂಡ್ರಿ ಅವ್ವಾರ."

ಆಕೆಯೇ ಮಹಾದೇವಿ. ತನ್ನ ಸ್ಥಾನವನ್ನು ಬಿಟ್ಟುಕೊಟ್ಟು ದೂರ ಗೋಡೆಯ ಬದಿಗೆ ಹೋಗಿ ನಿಂತಳು.

ಬಸವೇಶ್ವರಿ ತಾಯಿಯ ಕೈ ಹಿಡಿದಳು. "ಭಾಳ ಸೊರಗೀ ಬೇ. ನೀ ಬಂದಿ, ನನಗ ಅಷ್ಟ ಸಾಕು. ಹಾರ ಮಾತ್ರ ನಾ ಹಾಕ್ಕೊಳ್ಳಂಗಿಲ್ಲ."

"ಯಾಕ?"

ಮಗಳ ದೃಷ್ಟಿ ಗೋಡೆಯತ್ತ ಹೋಯಿತು. ಗುರುಲಿಂಗವ್ವನಿಗೆ ಆಗ ತನ್ನ ಪ್ರಮಾದ ಅರಿವಾಯಿತು. ತಾನು ಬಂದದ್ದು ಮಗಳನ್ನು ಕಾಣಲು. ತನ್ನನ್ನು ಕರೆಸಿದ್ದು ಆ ಹೆಣ್ಣುಮಗಳನ್ನು ಮರೆಮಾಡಲು.

"ಬಸವೇಶ್ವರಿಯವರು ತಾಯಿಯವರೊಡನೆ ವೇದಿಕೆಗೆ ಆಗಮಿಸಬೇಕು," ಎಂದು ಶಂಕ್ರಪ್ಪ ಮೈಕಿನಲ್ಲಿ ಕರೆದ.

ಗುರುಲಿಂಗವ್ವ ಎದ್ದಳು, ವೇದಿಕೆಯ ಕಡೆಗಲ್ಲ, ಗೋಡೆಯ ಕಡೆಗೆ ತಿರುಗಿದಳು.

"ಏ ಮಾದೇವಿ, ಅಲ್ಲೇನ ಗ್ವಾಡಿ ಹಿಡದ ನಿಂತೀ? ಅಕೀ ಕೂಡ ಹೋಗು."

ಶಂಕ್ರಪ್ಪ ಹಾರವನ್ನು ಹೊತ್ತೇ ಕೆಳಗಿಳಿದು ಬಂದ. "ಅವ್ವಾರ, ಬರ್ತೇನಿ ಅಂದಿದ್ರಲ್ರಿ?"

"ಬಂದೇನಲ್ಲೋ ತಮ್ಮಾ. ಬರ್ತೇನಿ ಅಂದಿದ್ದೆ; ಹಾರಕ್ಕ ಕುತ್ತಿಗಿ ಕೊಡ್ತೇನಿ ಅಂದಿದ್ನೇನು?"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮಹಾದೇವಿ ಅಳುಕುತ್ತಲೇ ಬಂದಳು. ಬಸವೇಶ್ವರಿ ಅವಳ ಮುಂಗೈ ಹಿಡಿದು ಮೆಟ್ಟಿಲೇರಿದಳು. ಎತ್ತರದವಳಾದ ಮಹಾದೇವಿ ತುಸು ಬಾಗಿದ ಮೇಲೆಯೇ ಹಾರ ಇಬ್ಬರ ಕೊರಳಿಗೂ ಇಳಿಯಿತು. ಕೆಲವರು ಚಪ್ಪಾಳೆ ತಟ್ಟಿದರು. ಕೆಲವರು ಮೊಬೈಲಿನಲ್ಲಿ ಮುಖ ಹುದುಗಿಸಿದರು.

ಮಲ್ಲಮ್ಮ ಸೆರಗು ಝಾಡಿಸಿ ಎದ್ದಳು. "ಮಂದಿ ಮುಂದ ಮಾನಾ ಕಳದಿ ವೈನಿ. ನಾ ಹೊಂಟೆ. ನೀ ಇಳಕಲ್ಲಿಗೆ ಹೆಂಗ ಬರ್ತೀಯೋ ನೋಡ್ಕೋ."

"ಇವತ್ತ ಇಳಕಲ್ಲಿಗೆ ಬರಂಗಿಲ್ಲ ತಂಗಿ," ಎಂದಳು ಗುರುಲಿಂಗವ್ವ. ಆಮೇಲೆ ಪಕ್ಕದಲ್ಲಿ ಕುಳಿತಿದ್ದವರತ್ತ ಬಾಗಿ ಕೇಳಿದಳು: "ಯಪ್ಪಾ, ಬಾಗಲಕೋಟಿ ಬಸ್ ಎಷ್ಟಕ್ಕ ಐತಿ?"